ಎಂಟು ಸೆಕೆಂಡು ಹಿಂದಿನ ಆಳ

"ಅಮ್ಮಾ, ಐದು ಮೀಟರ್‌ನಲ್ಲಿ ನೀನೇನು ಲಿಫ್ಟ್ ಓಡಿಸ್ತಿದ್ಯಾ?"

ದೋಣಿ ಹತ್ತಿ ಮಾಸ್ಕ್ ತೆಗೆಯುವ ಮೊದಲೇ ಮಗಳು ಕೇಳಿದ ಪ್ರಶ್ನೆ ಇದು. ನನಗೆ ಸಿಟ್ಟು ಬಂತು. ಮುನ್ನೂರು ಚಿಲ್ಲರೆ ಡೈವ್ ಮಾಡಿದವಳು ನಾನು. ಅವಳದು ಅವತ್ತಿಗೆ ಇಪ್ಪತ್ತೆರಡನೆಯದು. ಆದರೆ ಅವಳ ಕ್ಯಾಮೆರಾದಲ್ಲಿ ಸಾಕ್ಷಿ ಇತ್ತು. ಮೈಯಲ್ಲಿ ಸೇರಿದ ಸಾರಜನಕ ಹೊರಹೋಗಲಿ ಅಂತ ಮೇಲೆ ಬರುವಾಗ ಐದು ಮೀಟರ್ ಆಳದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ, ಅದೇ ಸೇಫ್ಟಿ ಸ್ಟಾಪ್. ಆ ಮೂರು ನಿಮಿಷದಲ್ಲಿ ಹಗ್ಗದ ಪಕ್ಕ ನಾನು ಮೇಲೆ ಹೋಗ್ತೀನಿ, ಜಾಕೆಟ್‌ನಿಂದ ಗಾಳಿ ಬಿಡ್ತೀನಿ, ಕೆಳಗೆ ಬರ್ತೀನಿ, ಗಾಳಿ ತುಂಬ್ತೀನಿ, ಮತ್ತೆ ಮೇಲೆ. ಬೇಸರದ ವಿಷಯ ಅಂದರೆ ಆ ಮೂರು ನಿಮಿಷವೂ ನನ್ನ ಕಣ್ಣು ಡೈವ್ ಕಂಪ್ಯೂಟರ್, ಅಂದರೆ ಆಳ ತೋರಿಸುವ ಕೈಗಡಿಯಾರದಂಥ ಯಂತ್ರದ ಮೇಲೇ ಇತ್ತು. ಮಗಳು ಹಗ್ಗದ ಗಂಟು ನೋಡಿಕೊಂಡು ಒಂದೇ ಕಡೆ ನಿಂತಿದ್ದಳು.

ನನ್ನ ಕೆಲಸ ಪ್ರೆಶರ್ ಗೇಜು, ಟ್ರಾನ್ಸ್‌ಮಿಟರ್‌ಗಳ ಕ್ಯಾಲಿಬ್ರೇಶನ್, ಅಂದರೆ ಒತ್ತಡ ಅಳೆಯುವ ಉಪಕರಣಗಳು ಸರಿಯಾಗಿ ತೋರಿಸುತ್ತಿವೆಯಾ ಅಂತ ನೋಡುವುದು. ಹಾಗಾಗಿ ಮೊದಲು ನನ್ನ ಮೇಲೆ ಅನುಮಾನ ಬಂತು, ಆಮೇಲೆ ಉಪಕರಣದ ಮೇಲೆ. ಆ ಅನುಮಾನದಿಂದ ಒಂದು ಹೊಸ ಕಂಪ್ಯೂಟರ್ ಮನೆಗೆ ಬಂತು. ಹಳೆಯದು, ಹೊಸದು ಎರಡನ್ನೂ ಒಂದೇ ಕೈಗೆ ಕಟ್ಟಿಕೊಂಡು ಹದಿನಾಲ್ಕು ಡೈವ್ ಮಾಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಎರಡರ ಹೆಸರನ್ನೂ ಹಾಕುತ್ತಿಲ್ಲ. ಒಂದೇ ಕಂಪನಿಯ ಎರಡು ಮಾಡೆಲ್ ಬೇರೆ ಬೇರೆ ಥರ ನಡೆದುಕೊಳ್ಳಬಹುದು, ಸಾಫ್ಟ್‌ವೇರ್ ಬದಲಾದರೆ ಒಂದೇ ಮಾಡೆಲ್ ಕೂಡ. ಹೆಸರಿಗಿಂತ ನಾನು ಹೇಗೆ ನೋಡಿದೆ ಅನ್ನೋದು ನಿಮಗೆ ಜಾಸ್ತಿ ಉಪಯೋಗ.

ಹಳೆಯದು ಮಣಿಕಟ್ಟಿಗೆ ಕಟ್ಟುವ ದುಂಡನೆಯದು. ಏಳು ಗೀಟಿನ ಅಂಕಿಗಳ ಎಲ್‌ಸಿಡಿ, ಎರಡು ಬಟನ್, ಆರು ವರ್ಷದ ಸೇವೆ. ಹೊಸದು ಚೌಕದ ಬಣ್ಣದ ಪರದೆಯದು.

ಮೊದಲ ಪರೀಕ್ಷೆ ಒಣ ನೆಲದಲ್ಲೇ ಆಯಿತು. ಕೆಲಸದ ಬೆಂಚಿನ ಮೇಲೆ ನೀರು ತುಂಬಿದ ಸಣ್ಣ ಪ್ರೆಶರ್ ಪಾತ್ರೆ ಇದೆ. ಎರಡನ್ನೂ ಒಳಗಿಟ್ಟು, ಮಾಸ್ಟರ್ ಗೇಜಿನಲ್ಲಿ 2 ಬಾರ್ ತೋರುವವರೆಗೆ ಒತ್ತಡ ಕೊಟ್ಟೆ. ಹಳೆಯದು 20.1 ಮೀಟರ್ ಅಂದಿತು, ಹೊಸದು 20.0. ಎರಡೂ ಸರಿ. ಇಲ್ಲೊಂದು ಸಣ್ಣ ವಿಷಯ ಹೇಳಬೇಕು. ಈ ಯಂತ್ರಗಳು ಆಳವನ್ನು ಅಳೆಯೋದೇ ಇಲ್ಲ. ಒತ್ತಡ ಅಳೆದು, ಆಳ ಅಂತ ಬರೆದು ತೋರಿಸುತ್ತವೆ. ಇಎನ್ 13319 ಅನ್ನುವ ಯುರೋಪಿನ ಮಾನದಂಡ ಪಾಲಿಸುವವು 1 ಬಾರ್ ಅಂದರೆ 10 ಮೀಟರ್ ಅಂತಲೇ ಲೆಕ್ಕ ಹಾಕುತ್ತವೆ. ಅದು ಸಿಹಿನೀರಿಗೂ ಉಪ್ಪುನೀರಿಗೂ ನಡುವಿನ ಸಾಂದ್ರತೆ. ಸಿಹಿನೀರು ಅಂತ ಸೆಟ್ಟಿಂಗ್ ಬದಲಿಸಿದರೆ ಅದೇ ಒತ್ತಡಕ್ಕೆ ಸುಮಾರು 20.4 ಬರುತ್ತದೆ, ಉಪ್ಪುನೀರು ಅಂದರೆ 19.8 ಅಥವಾ 19.9. ದೋಣಿಯ ಮೇಲೆ "ನಿನ್ನದು 30.2, ನನ್ನದು 29.6" ಅಂತ ನಡೆಯುವ ಜಗಳದಲ್ಲಿ ಮುಕ್ಕಾಲು ಪಾಲು ಈ ಸೆಟ್ಟಿಂಗ್‌ನದು.

ಅಂದರೆ ಹಳೆಯ ಕಂಪ್ಯೂಟರ್ ಸುಳ್ಳು ಹೇಳುತ್ತಿರಲಿಲ್ಲ. ತಡವಾಗಿ ಹೇಳುತ್ತಿತ್ತು.

ಅದನ್ನು ಪಾತ್ರೆಯಲ್ಲೇ ಗಮನಿಸಿದೆ. ವಾಲ್ವ್ ತೆಗೆದ ಕೂಡಲೇ ಗೇಜಿನ ಮುಳ್ಳು ಕೆಳಗೆ ಬಿತ್ತು. ಹೊಸದರ ಅಂಕಿಗಳು ಅದರ ಬೆನ್ನಿಗೇ ಇಳಿದವು. ಹಳೆಯದು ಮಾತ್ರ ಊಟ ಮುಗಿಸಿ ಕೈ ತೊಳೆದು ಬರುವವರ ಹಾಗೆ ನಿಧಾನಕ್ಕೆ ಇಳಿಯಿತು. ನಮ್ಮ ಟ್ರಾನ್ಸ್‌ಮಿಟರ್‌ಗಳಲ್ಲಿ ಡ್ಯಾಂಪಿಂಗ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಪೈಪಿನಲ್ಲಿ ಒತ್ತಡ ಕುಣಿಯುತ್ತಿದ್ದರೆ ರೀಡಿಂಗ್ ಕುಣಿಯದಿರಲಿ ಅಂತ ಇಷ್ಟು ಸೆಕೆಂಡು ಅಂತ ಹಾಕುತ್ತೇವೆ. ಜಾಸ್ತಿ ಹಾಕಿದರೆ ರೀಡಿಂಗ್ ಶಾಂತವಾಗಿರುತ್ತದೆ, ಆದರೆ ಹಳಸಿರುತ್ತದೆ. ನನ್ನ ಕಂಪ್ಯೂಟರ್‌ಗೂ ಯಾರೋ ಧಾರಾಳವಾಗಿ ಡ್ಯಾಂಪಿಂಗ್ ಹಾಕಿದ್ದಾರೆ ಅಂತ ಅವತ್ತು ಗೊತ್ತಾಯಿತು.

ನೀರಿನಲ್ಲಿ ಇದನ್ನು ಅಳೆಯೋದು ಸುಲಭ. ಯಾರು ಬೇಕಾದರೂ ಮಾಡಬಹುದು. ಎರಡನ್ನೂ ಎಡಗೈಗೆ ಕಟ್ಟಿದೆ, ಒಂದು ಮಣಿಕಟ್ಟಿಗೆ, ಇನ್ನೊಂದು ಅದರ ಪಕ್ಕಕ್ಕೆ. ಹಗ್ಗ ಹಿಡಿದು ಐದು ಮೀಟರ್ ಹತ್ತಿರ ನಿಂತೆ. ಕೈಯನ್ನು ತೊಡೆಯ ಪಕ್ಕ ಇಳಿಬಿಟ್ಟು ಎರಡೂ ಅಂಕಿ ನಿಲ್ಲುವವರೆಗೆ ಕಾದೆ. ಆಮೇಲೆ ಕೈಯನ್ನು ಸರ್ರನೆ ತಲೆಯ ಮೇಲೆ ಎತ್ತಿ ಹಾಗೇ ಹಿಡಿದೆ. ನನ್ನ ಕೈಗೆ ಇದು ಸುಮಾರು 1.2 ಮೀಟರ್ ವ್ಯತ್ಯಾಸ. ಮಗಳು ಹತ್ತಿರದಿಂದ ವಿಡಿಯೊ ತೆಗೆದಳು. ಮನೆಗೆ ಬಂದು ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಎಣಿಸಿದೆವು. ಅವಳು ಎಣಿಸಿದಳು ಅನ್ನೋದು ಸರಿ. ನಾನು ಬರೆದುಕೊಂಡೆ.

ಹೊಸದು ಮೊದಲ ಸೆಕೆಂಡಿನಲ್ಲೇ ಹೆಚ್ಚುಪಾಲು ಬದಲಾಯಿತು. ಎರಡನೆಯ ಸೆಕೆಂಡಿನ ಹೊತ್ತಿಗೆ ನಿಂತಿತು. ಹಳೆಯದು ಮೊದಲ ಎರಡು ಸೆಕೆಂಡು ಅಲ್ಲಾಡಲೇ ಇಲ್ಲ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಯ ಅಂಕಿ ನಿಂತಾಗ ಎಂಟು ಸೆಕೆಂಡು. ಆರು ಸಲ ಮಾಡಿದೆವು. ಏಳರಿಂದ ಒಂಬತ್ತರ ಒಳಗೇ ಬಂತು.

ಎಂಟು ಸೆಕೆಂಡು ಏನು ಮಹಾ ಅಂತ ನನಗೂ ಅನ್ನಿಸಿತ್ತು. ಲೆಕ್ಕ ಹಾಕಿದೆ. ನಿಮಿಷಕ್ಕೆ 9 ಮೀಟರ್ ಏರುವುದು ಅಂದರೆ ಸೆಕೆಂಡಿಗೆ 15 ಸೆಂಟಿಮೀಟರ್. ಒಂದೇ ಸಮ ಏರುತ್ತಿರುವಾಗ ಹಳೆಯದರ ಅಂಕಿ ನಾಲ್ಕೈದು ಸೆಕೆಂಡು ಹಿಂದಿನದು. ಅಂದರೆ 60ರಿಂದ 75 ಸೆಂಟಿಮೀಟರ್. ಪರದೆ 5.2 ಅನ್ನುವಾಗ ನಾನು 4.5ರಲ್ಲಿ ಇರುತ್ತೇನೆ. ಸುಮ್ನೆ ಈಜುತ್ತಿದ್ದರೆ ಇದು ಲೆಕ್ಕಕ್ಕಿಲ್ಲ. 25 ಮೀಟರ್ ಆಳದಲ್ಲಿ ಬಂಡೆಯ ಪಕ್ಕ ಸೀಗಡಿ ಹುಡುಕುತ್ತಿರುವಾಗ ಮುಕ್ಕಾಲು ಮೀಟರ್ ಯಾರಿಗೆ ಬೇಕು? ಆದರೆ ಸೇಫ್ಟಿ ಸ್ಟಾಪ್‌ನಲ್ಲಿ ಎಲ್ಲವೂ ಒಟ್ಟಿಗೆ ಸೇರಿಕೊಳ್ಳುತ್ತವೆ. ಗಾಳಿ ಕಡಿಮೆಯಾದ ಅಲ್ಯೂಮಿನಿಯಂ ಸಿಲಿಂಡರ್ ಆಗ ತೇಲುವ ಕಡೆ ತಿರುಗಿರುತ್ತದೆ. 6 ಮೀಟರ್‌ನಿಂದ 3ಕ್ಕೆ ಬಂದರೆ ಒತ್ತಡ ಸುಮಾರು 1.6 ಬಾರ್‌ನಿಂದ 1.3ಕ್ಕೆ ಇಳಿಯುತ್ತದೆ. ಬಿಸಿಡಿ, ಅಂದರೆ ಗಾಳಿ ತುಂಬಿ ತೇಲುವುದನ್ನು ಹೊಂದಿಸುವ ಆ ಜಾಕೆಟ್, ಅದರ ಒಳಗಿನ ಗಾಳಿ ಹತ್ತಿರ ಹತ್ತಿರ ಕಾಲು ಭಾಗ ಹಿಗ್ಗುತ್ತದೆ. ಏರಿದಷ್ಟೂ ಇನ್ನಷ್ಟು ಏರಿಸುತ್ತದೆ. ಅಲ್ಲಿ ಹಳಸಿದ ಅಂಕಿ ನೋಡಿ ಗಾಳಿ ಬಿಟ್ಟರೆ ಜಾಸ್ತಿ ಬಿಡುತ್ತೀರಿ. ಇಳಿಯತೊಡಗಿದ್ದು ಪರದೆಗೆ ಗೊತ್ತಾಗುವಷ್ಟರಲ್ಲಿ ಆರೂವರೆಗೆ ಹೋಗಿರುತ್ತೀರಿ. ಬಿಸಿನೀರು ತಡವಾಗಿ ಬರುವ ನಲ್ಲಿಯ ಕೆಳಗೆ ನಿಂತು, ಒಮ್ಮೆ ಮೈ ಸುಟ್ಟುಕೊಂಡು ಒಮ್ಮೆ ನಡುಗುವ ಹಾಗೆ. ನನ್ನ ಲಿಫ್ಟ್ ಓಡುತ್ತಿದ್ದದ್ದು ಹೀಗೆ.

ಹಾಗಾದರೆ ಕಂಪನಿಯವರು ಯಾಕೆ ಹೀಗೆ ಮಾಡುತ್ತಾರೆ? ಸೆನ್ಸರ್ ನಿಧಾನ ಅಂತ ಅಲ್ಲ. ಈಗಿನ ಸೆನ್ಸರ್‌ನಲ್ಲಿ ಮೃದುವಾದ ಜೆಲ್ ಅಡಿಯಲ್ಲಿ ಸಿಲಿಕಾನ್‌ನ ಒಂದು ತೆಳು ಪೊರೆ ಇರುತ್ತದೆ. ನೀರು ಒತ್ತಿದರೆ ಅದು ಬಾಗುತ್ತದೆ, ಬಾಗಿದರೆ ವಿದ್ಯುತ್ ರೋಧ ಬದಲಾಗುತ್ತದೆ. 30 ಬಾರ್‌ವರೆಗೆ ಅಳೆಯುವ ಚಿಪ್ ಕೂಡ ಅರ್ಧ ಸೆಂಟಿಮೀಟರ್‌ಗಿಂತ ಸಣ್ಣ ಬದಲಾವಣೆಯನ್ನು ಹಿಡಿಯಬಲ್ಲದು, ಒಂದು ಅಳತೆಗೆ ಸೆಕೆಂಡಿನ ಐವತ್ತನೇ ಒಂದು ಭಾಗವೂ ಬೇಕಿಲ್ಲ. ತಡ ಎಲ್ಲಾ ಆಮೇಲಿನದು. ಬ್ಯಾಟರಿ ಉಳಿಸಲು ಕೆಲವು ಸೆಕೆಂಡಿಗೊಮ್ಮೆ ಮಾತ್ರ ಎಚ್ಚರವಾಗುವುದು, ಹಿಂದಿನ ನಾಲ್ಕಾರು ಅಳತೆಗಳ ಸರಾಸರಿ ತೆಗೆಯುವುದು, ಇಂಥದ್ದು.

ಸರಾಸರಿ ತೆಗೆಯಲು ಅವರಿಗೆ ನಿಜವಾದ ಕಾರಣವೂ ಇದೆ. ಅದು ನಿಮ್ಮ ಕೈ. ಈಜುವಾಗ ಕೈ ಒಂದು ಕಡೆ ನಿಲ್ಲಲ್ಲ. ಆಳ 0.1 ಮೀಟರ್ ಹೆಜ್ಜೆಯಲ್ಲಿ ಬದಲಾಗುತ್ತದೆ ಅಂದುಕೊಳ್ಳಿ. ಪ್ರತಿ ಸೆಕೆಂಡಿನ ಆ ಅಂಕಿಯಿಂದಲೇ ಏರುವ ವೇಗ ಲೆಕ್ಕ ಹಾಕಿದರೆ, ಒಂದು ಹೆಜ್ಜೆಗೇ ನಿಮಿಷಕ್ಕೆ 6 ಮೀಟರ್ ಬರುತ್ತದೆ. ಎರಡು ಹೆಜ್ಜೆ ಅಂದರೆ 12, ಅಲಾರ್ಮ್ ಕಿರುಚುತ್ತದೆ. ಹಾಗಾಗಿ ವೇಗಕ್ಕೆ ಸರಾಸರಿ ಬೇಕೇ ಬೇಕು. ತಪ್ಪಾಗುವುದು ಎಲ್ಲಿ ಅಂದರೆ, ವೇಗಕ್ಕೆ ಬೇಕಾದ ಸರಾಸರಿಯನ್ನು ಆಳದ ಅಂಕಿಗೂ ಹಚ್ಚಿಬಿಡುವಲ್ಲಿ. ನನ್ನ ಹಳೆಯದರ ವಿಚಿತ್ರ ನೋಡಿ. ಆಳ ತೋರಿಸಲು ಸೋಮಾರಿ, ವೇಗದ ಅಲಾರ್ಮ್‌ಗೆ ಮಾತ್ರ ಭಾರೀ ಚುರುಕು! ಮೇಲೆ ಬರುವಾಗ ಬಿಸಿಡಿ ಗಾಳಿ ಬಿಡಲು ಎಡಗೈಯಲ್ಲಿ ಅದರ ಕೊಳವೆ (ಹೋಸ್) ಎತ್ತಬೇಕು. ಕಂಪ್ಯೂಟರ್ ಇರುವುದು ಎಡಗೈಯಲ್ಲೇ. ಎತ್ತಿದ ಕೂಡಲೇ ಪೀ ಪೀ ಪೀ. ವೇಗ ಕಡಿಮೆ ಮಾಡಲು ಹೊರಟವಳಿಗೇ ಬೈಗುಳ. ಆರು ವರ್ಷ "ತೋಳ ಬಂತು ತೋಳ" ಕೇಳಿ ಕೇಳಿ ಆ ಶಬ್ದಕ್ಕೆ ನನ್ನ ಕಿವಿ ಮುಚ್ಚಿಹೋಗಿತ್ತು. ಇದು ತಮಾಷೆಯ ಮಾತಲ್ಲ, ಬೇಗ ಏರಿದರೆ ಮೈಗೆ ಅಪಾಯ. ಅಮೆರಿಕದ ನೌಕಾಪಡೆ ಕೂಡ 1993ರಲ್ಲಿ ತನ್ನ ಏರುವ ವೇಗವನ್ನು ನಿಮಿಷಕ್ಕೆ 60 ಅಡಿಯಿಂದ 30 ಅಡಿಗೆ ಇಳಿಸಿತು. ಆ ಅಲಾರ್ಮ್ ಮುಖ್ಯವಾದದ್ದೇ. ಅದಕ್ಕೇ ಅದು ಸುಮ್ಮಸುಮ್ಮನೆ ಕೂಗಬಾರದು.

ಹೊಸದರಲ್ಲಿ ಎರಡನ್ನೂ ಬೇರೆ ಮಾಡಿದ್ದಾರೆ. ಆಳದ ಅಂಕಿ ಪ್ರತಿ ಸೆಕೆಂಡಿಗೆ ತಾಜಾ. ಅದರ ಪಕ್ಕದ ವೇಗದ ಪಟ್ಟಿ ಸ್ವಲ್ಪ ಯೋಚಿಸಿ ಏರುತ್ತದೆ. ಹೋಸ್ ಎತ್ತಿದರೆ ಪಟ್ಟಿ ಒಂದೆರಡು ಮನೆ ಮೇಲೆ ಹೋಗಿ ವಾಪಸ್ ಬರುತ್ತದೆ, ಕೂಗುವುದಿಲ್ಲ. ನಿಜವಾಗಿ ಜೋರಾಗಿ ಏರಿದಾಗ ಕೂಗಿತು. ಹದಿನಾಲ್ಕು ಡೈವ್‌ನಲ್ಲಿ ಎರಡೇ ಸಲ, ಎರಡೂ ಸಲ ತಪ್ಪು ನನ್ನದೇ.

ಈ ಪಟ್ಟಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕಂದರೆ ಅಂಕಿ ಮಾತ್ರ ಇದ್ದರೆ ಸಾಲದು ಅಂತ ನನ್ನ ಅಭಿಪ್ರಾಯ. ನಾನು ಕಲಿತದ್ದು ಮುಳ್ಳಿನ ಗೇಜಿನಲ್ಲಿ. ಮುಳ್ಳು ಓಡುವುದನ್ನು ನೋಡಿದರೆ ಸಾಕು, ಎಷ್ಟು ಬೇಗ ಏರುತ್ತಿದ್ದೀನಿ ಅಂತ ಓದದೆಯೇ ಗೊತ್ತಾಗುತ್ತಿತ್ತು. ನನಗೆ ಕಲಿಸಿದವರ ಹತ್ತಿರ ಅದಕ್ಕಿಂತ ಹಳೆಯದೊಂದು ಇತ್ತು. ಒಂದು ತುದಿ ಮುಚ್ಚಿದ ಸಣ್ಣ ಪಾರದರ್ಶಕ ಕೊಳವೆ, ಅಷ್ಟೆ. ಒಳಗಿನ ಗಾಳಿ 10 ಮೀಟರ್‌ಗೆ ಅರ್ಧ, 20ಕ್ಕೆ ಮೂರನೇ ಒಂದು, 30ಕ್ಕೆ ಕಾಲು ಭಾಗ ಆಗುತ್ತದೆ. ನೀರು ಎಲ್ಲಿಯವರೆಗೆ ನುಗ್ಗಿದೆಯೋ ಅದೇ ಆಳ. ಮೂವತ್ತರ ಹತ್ತಿರ ಗೆರೆಗಳು ಒತ್ತೊತ್ತಾಗಿ ಏನೂ ಓದಲಾಗದು. ಆದರೆ ಮೊದಲ ಹತ್ತು ಮೀಟರ್‌ಗೆ ಅರ್ಧ ಕೊಳವೆ ಸಿಗುತ್ತದೆ! ಐದು ಮೀಟರ್‌ನಲ್ಲಿ ನಿಲ್ಲಲು ಅದಕ್ಕಿಂತ ಚುರುಕಾದದ್ದು ನಾನು ಕಂಡಿಲ್ಲ. ಬ್ಯಾಟರಿಯೂ ಇಲ್ಲ, ಸರಾಸರಿಯೂ ಇಲ್ಲ.

ಅಂಕಿಗಳು ಬಂದ ಮೇಲೆ ಆ ಚಲನೆ ಕಳೆದುಹೋಯಿತು. ಒಳ್ಳೆಯ ವಿನ್ಯಾಸಗಾರರು ಅದನ್ನು ಬೇರೆ ರೀತಿ ವಾಪಸ್ ತರುತ್ತಾರೆ. ಶಿಯರ್‌ವಾಟರ್ ಕಂಪ್ಯೂಟರ್‌ಗಳಲ್ಲಿ ಆಳದ ಪಕ್ಕದಲ್ಲೇ ಬಾಣಗಳ ಸಾಲು ಬರುತ್ತದೆ, ಒಂದೊಂದು ಬಾಣ ನಿಮಿಷಕ್ಕೆ 3 ಮೀಟರ್. ಮೂರರವರೆಗೆ ಬಿಳಿ, ಆಮೇಲೆ ಹಳದಿ, ಆಮೇಲೆ ಕೆಂಪು. ಎಣಿಸುವುದೇ ಬೇಡ, ಎಷ್ಟು ಉದ್ದ ಇದೆ ಅಂತ ಕಣ್ಣಿಗೆ ಬಿದ್ದರೆ ಸಾಕು. ನನ್ನ ಹೊಸದರ ಪಟ್ಟಿಯೂ ಇದೇ ಜಾತಿಯದು. ಉದ್ದವೂ ಬದಲಾಗುವುದರಿಂದ ಕೆಂಪು ಹಸಿರು ಬೇರೆ ಬೇರೆ ಕಾಣದವರಿಗೂ ತೊಂದರೆ ಇಲ್ಲ.

ಇನ್ನು ಕಣ್ಣಿನ ವಿಷಯ. ನನಗೆ ಐವತ್ತೊಂದು. ಓದಲು ಕನ್ನಡಕ ಬೇಕು. ನೀರಿನೊಳಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಸಮಸ್ಯೆ ಇಲ್ಲ ಅಂತ ಜನ ಹೇಳುತ್ತಾರೆ. ಅರ್ಧ ನಿಜ. ದೊಡ್ಡದಾಗಿ ಕಾಣುವುದು ಹೌದು, ಆದರೆ ಮಾಸ್ಕಿನ ಚಪ್ಪಟೆ ಗಾಜಿನ ಮೂಲಕ ಅದು ಹತ್ತಿರವಾಗಿಯೂ ಕಾಣುತ್ತದೆ. 40 ಸೆಂಟಿಮೀಟರ್ ದೂರದ ಪರದೆ 30ರಲ್ಲಿ ಇದ್ದಂತೆ. ಹತ್ತಿರದ್ದು ಕಾಣದವರಿಗೆ ಅದು ಇನ್ನೂ ಕಷ್ಟ. ಕೈ ಪೂರ್ತಿ ಚಾಚಿ ಓದಬೇಕು, ಅಲ್ವಾ? ಹಾಗೆ ಚಾಚಿದಾಗ ಹಳೆಯದರಲ್ಲಿ 6 ಮತ್ತು 8 ಒಂದೇ. ಏಳು ಗೀಟಿನ ಅಂಕಿಯಲ್ಲಿ ಆ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಗೀಟು. ಓರೆಯಾಗಿ ನೋಡಿದರೆ ಆ ಗೀಟು ಇದೆಯೋ ಇಲ್ಲವೋ ಅಂತ ಊಹೆ ಮಾಡಬೇಕು. ತಣ್ಣನೆಯ ನೀರಿನಲ್ಲಿ ಎಲ್‌ಸಿಡಿ ಮತ್ತಷ್ಟು ಮಂಕು, ಹಳೆಯ ಅಂಕಿ ಮಾಯವಾಗುವ ಮೊದಲೇ ಹೊಸದು ಬಂದು ಎರಡೂ ಬೆರೆತಂತೆ ಕಾಣುತ್ತದೆ.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಹಳೆಯದರಲ್ಲಿ ಈಗಿನ ಆಳ ಮತ್ತು ಗರಿಷ್ಠ ಆಳ ಅಕ್ಕಪಕ್ಕದಲ್ಲಿ, ಒಂದೇ ಗಾತ್ರದಲ್ಲಿ ಇವೆ. ಒಂದು ಸಲ ಗೋಡೆಯಂಥ ಬಂಡೆಯ ಪಕ್ಕ, ಕೆಳಗೆ ನೀಲಿ ಬಿಟ್ಟರೆ ಏನೂ ಇಲ್ಲದ ಜಾಗದಲ್ಲಿ, 28.1 ಅಂತ ಓದಿ ಗಾಬರಿಯಾಗಿ ಮೇಲಕ್ಕೆ ಕಾಲು ಬಡಿದೆ. ಇದ್ದದ್ದು 18.4ರಲ್ಲಿ. ಗರಿಷ್ಠ ಅಂತ ಹೇಳುವ ಅಕ್ಷರ ಸಾಸಿವೆಯಷ್ಟು. ಆಳಕ್ಕೆ ಹೋದಾಗ ಸಾರಜನಕದ ಮಂಪರಿನಲ್ಲಿ ತಲೆ ಅರ್ಧವೇ ಓಡುತ್ತದೆ. ಆ ಅರ್ಧ ತಲೆಗೆ ಅರ್ಥವಾಗುವ ಹಾಗೆ ಪರದೆ ಇರಬೇಕು. ಹೊಸದರಲ್ಲಿ ಈಗಿನ ಆಳ ಎಡ ಮೇಲಿನ ಮೂಲೆಯಲ್ಲಿ, ಎಲ್ಲಕ್ಕಿಂತ ದೊಡ್ಡದು, ಬಿಳಿ. ಗರಿಷ್ಠ ಆಳ ಕೆಳಗಿನ ಸಾಲಿನಲ್ಲಿ, ಚಿಕ್ಕದಾಗಿ, ಬೂದು ಬಣ್ಣದಲ್ಲಿ. ಇಷ್ಟೇ ಸಾಕಿತ್ತು.

ನೀರಿನಲ್ಲಿ ಕೆಂಪು ಬಣ್ಣ ಮಾಯವಾಗುತ್ತದೆ, ಬಣ್ಣದ ಪರದೆ ಯಾಕೆ ಅಂತ ಒಬ್ಬರು ಕೇಳಿದರು. ಮಾಯವಾಗುವುದು ಮೇಲಿನಿಂದ ಹತ್ತಾರು ಮೀಟರ್ ದಾಟಿ ಬರುವ ಬಿಸಿಲಿನ ಕೆಂಪು. ಪರದೆಯ ಬೆಳಕು ದಾಟಬೇಕಾದ್ದು ನಲವತ್ತು ಸೆಂಟಿಮೀಟರ್ ನೀರು. ಚೆನ್ನಾಗಿ ಕಾಣುತ್ತದೆ.

ಹೊಸದನ್ನು ಹೊಗಳಿ ಮುಗಿಸಿದರೆ ಸುಳ್ಳಾಗುತ್ತದೆ. ಅದರ ಚುರುಕು ಕೆಲವು ಸಲ ಅತಿಯಾಗುತ್ತದೆ. ಅಲೆಗಳಿದ್ದ ದಿನ ಹಗ್ಗ ಹಿಡಿದು ನಿಂತರೂ ಅಂಕಿ 4.8, 5.3, 4.9 ಅಂತ ಆಡುತ್ತಿತ್ತು. ಮೊದಲು ಯಂತ್ರ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು. ತಲೆಯ ಮೇಲೆ ಅಲೆಯ ದಿಬ್ಬ ಹಾದುಹೋದಾಗ ನೀರು ನಿಜವಾಗಿಯೂ ಜಾಸ್ತಿ, ತಗ್ಗು ಬಂದಾಗ ಕಡಿಮೆ. ಅಂಕಿ ಸರಿಯೇ, ಆದರೆ ಆ ಹೊತ್ತಿಗೆ ನನಗೆ ಬೇಡದ ಸತ್ಯ. ಇಂಥ ದಿನಕ್ಕೆ ಎರಡು ಮೂರು ಸೆಕೆಂಡಿನ ಸರಾಸರಿ ಇದ್ದಿದ್ದರೆ ಹಿತವಾಗಿತ್ತು. ನಮ್ಮ ಟ್ರಾನ್ಸ್‌ಮಿಟರ್‌ನ ಹಾಗೆ ಡ್ಯಾಂಪಿಂಗ್ ಆಯ್ಕೆಯನ್ನು ಬಳಸುವವರ ಕೈಗೇ ಕೊಡಬಹುದಿತ್ತು. ಮೆನುವಿನಲ್ಲಿ ಹಿನ್ನೆಲೆ ಬಣ್ಣಕ್ಕೆ ಎಂಟು ಆಯ್ಕೆ ಕೊಟ್ಟವರಿಗೆ ಇದು ಹೊಳೆಯಲಿಲ್ಲ.

ಇನ್ನೊಂದು ದೂರು, ಇದು ಗಟ್ಟಿ ದೂರು. ಎಚ್ಚರಿಕೆ ಬಂದಾಗ ಹಳದಿ ಡಬ್ಬಿಯೊಂದು ಆಳದ ಅಂಕಿಯ ಮೇಲೇ ಬಂದು ಕೂರುತ್ತದೆ. ಬಟನ್ ಒತ್ತುವವರೆಗೆ ಹೋಗಲ್ಲ. ಜೋರಾಗಿ ಏರುತ್ತಿದ್ದೀಯ ಅಂತ ಹೇಳಿ ಆಳವನ್ನೇ ಮುಚ್ಚಿದರೆ ನಾನು ಏನು ನೋಡಿಕೊಂಡು ನಿಲ್ಲಲಿ? ದಿಕ್ಸೂಚಿಯ ಪುಟಕ್ಕೆ ಹೋದರೆ ಆಳ ಮೂಲೆಗೆ ಸರಿದು ಚಿಕ್ಕದಾಗುತ್ತದೆ, ಅದೂ ಸರಿ ಅಲ್ಲ. ಆಳ ಯಾವ ಪುಟದಲ್ಲೂ ತನ್ನ ಜಾಗ ಬಿಡಬಾರದು, ಕುಗ್ಗಬಾರದು. ಚಾರ್ಜ್ ಎರಡು ದಿನಕ್ಕೊಮ್ಮೆ. ಹಳೆಯದರ ಬ್ಯಾಟರಿ ಹಾಕಿ ಎರಡು ವರ್ಷ ಆಗಿತ್ತು. ಚುರುಕಿಗೂ ಬಣ್ಣಕ್ಕೂ ಕೊಟ್ಟ ಬೆಲೆ ಅದು.

ಕೊಳ್ಳುವಾಗ ಒಂದು ಗೊಂದಲ ಬೇಡ. ಡಬ್ಬಿಯ ಮೇಲೆ ಸ್ಯಾಂಪ್ಲಿಂಗ್ 10 ಸೆಕೆಂಡು, 20 ಸೆಕೆಂಡು ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಲಾಗ್‌ನಲ್ಲಿ, ಅಂದರೆ ಡೈವ್‌ನ ದಾಖಲೆಯಲ್ಲಿ, ಉಳಿಸುವ ಅಂತರ, ಪರದೆ ಬದಲಾಗುವ ಅಂತರ ಅಲ್ಲ. ಪರದೆಯ ತಡವನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಉಸಿರು ಕಟ್ಟಿ ಮುಳುಗುವವರಿಗೆ ಇದು ಇನ್ನೂ ಮುಖ್ಯ. ಅವರು ಸೆಕೆಂಡಿಗೆ ಸುಮಾರು ಒಂದು ಮೀಟರ್ ಇಳಿಯುತ್ತಾರೆ. ನನ್ನ ಹಳೆಯದು ಕಟ್ಟಿಕೊಂಡರೆ ನಾಲ್ಕು ಮೀಟರ್ ಹಿಂದಿನ ಸುದ್ದಿ ಓದುತ್ತಿರುತ್ತಾರೆ.

ಹಳೆಯದಕ್ಕೆ ನ್ಯಾಯ ಮಾಡಲು ಒಂದು ಕೊನೆಯ ಪ್ರಯತ್ನ ಮಾಡಿದೆ. ಸೆನ್ಸರ್ ಮುಂದಿನ ಸಣ್ಣ ತೂತುಗಳಲ್ಲಿ ಉಪ್ಪು, ಸನ್‌ಸ್ಕ್ರೀನ್ ಕೂತಿದ್ದರೂ ಒತ್ತಡ ತಡವಾಗಿ ತಲುಪಬಹುದು. ಉಗುರು ಬೆಚ್ಚಗಿನ ಸಿಹಿನೀರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಪಿನ್ ಹಾಕಿ ಕೆದಕಲು ಹೋಗಬೇಡಿ, ಪೊರೆ ಹರಿದರೆ ಮುಗಿಯಿತು. ನೀರಿನ ತಳದಲ್ಲಿ ಬಿಳಿ ಪುಡಿ ಬಿದ್ದಿತ್ತು. ಕೈ ಎತ್ತುವ ಪರೀಕ್ಷೆ ಮತ್ತೆ ಮಾಡಿದೆ. ಎಂಟು ಸೆಕೆಂಡು ಏಳಾಯಿತು.

ಈಗ ಹೊಸದು ಮಗಳ ಕೈಯಲ್ಲಿದೆ. "ನಿಂಗೆ ಅನುಭವ ಇದೆ ಅಮ್ಮ, ನಂಗೆ ಬೇಕು" ಅಂತ ತೆಗೆದುಕೊಂಡಳು. ವಾಪಸ್ ಬರುವ ಲಕ್ಷಣ ಕಾಣುತ್ತಿಲ್ಲ. ಕಳೆದ ಡೈವ್‌ನಲ್ಲಿ ಸೇಫ್ಟಿ ಸ್ಟಾಪ್ ಬಂದಾಗ ನಾನು ನನ್ನ ಪರದೆ ನೋಡಲೇ ಇಲ್ಲ. ಅವಳ ಮಾಸ್ಕಿನ ಎತ್ತರಕ್ಕೆ ನನ್ನ ಮಾಸ್ಕ್ ಸರಿಹೊಂದಿಸಿ, ನಮ್ಮ ನಡುವೆ ನೀರಿನಲ್ಲಿ ತೇಲುವ ಕಸದ ಚುಕ್ಕೆಗಳನ್ನು ನೋಡಿಕೊಂಡು ನಿಂತೆ. ಅವಳು ಐದು ಬೆರಳು ತೋರಿಸಿದಳು. ನಾನು ಕೈ ತಿರುಗಿಸಿ ನೋಡಿದೆ. ಹಳೆಯದು 5.6 ಅನ್ನುತ್ತಿತ್ತು. ಮನಸ್ಸಿನಲ್ಲೇ ಎಣಿಸತೊಡಗಿದೆ. ಏಳಕ್ಕೆ 5.0 ಬಂತು.